ಒಂಬತ್ತು ಸೇರು ಜೋಳ

ನಾನು ಒಂದು ಸೇರು. ಧಾನ್ಯ ಅಳೆಯುವ ಕಬ್ಬಿಣದ ಸೇರು. ಕಮ್ಮಾರ ಕಾಳಪ್ಪ ತಗಡು ಬಾಗಿಸಿ, ತಳ ಬೆಸೆದು, ಬಾಯಿಗೆ ಪಟ್ಟಿ ಬಡಿದು ನನ್ನನ್ನು ಮಾಡಿದ. ಅಕ್ಷರ ಬಾರದವನು. ಆದರೂ ಹಳೆಯ ಸೇರಿನ ನೀರನ್ನು ನನ್ನೊಳಗೆ ಸುರಿದು ನೋಡಿ ಮೂರು ಸಲ ತಿದ್ದಿದ.

ಒಂದೇ ಮನೆಯ ಮೂರು ತಲೆಮಾರಿನ ಹೆಂಗಸರ ಕೈಯಲ್ಲಿ ಸವೆದೆ. ಕೊನೆಯವಳು ಫಕೀರವ್ವ. ಅವಳ ಮಗಳು ದ್ಯಾಮವ್ವ ನಾಲ್ಕನೆಯ ತರಗತಿ. ಮನೆಯಲ್ಲಿ ಅವಳ ಮಾತಿಗೆ ತಡೆಯಿಲ್ಲ, ಶಾಲೆಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಗಣಿತದ ಅಂದಾನಪ್ಪ ಸರ್ ಅವಳಿಗೆ ‘ಮೂಗಿ’ ಎಂದು ಹೆಸರಿಟ್ಟಿದ್ದರು.

ಈ ಸರ್ ಎಲ್ಲೋ ತರಬೇತಿಗೆ ಹೋಗಿ ಬಂದರು. ಇನ್ನು ಮೇಲೆ ಪುಸ್ತಕ ಬೇಡ, ಕೈಯಿಂದ ಮಾಡಿ ಕಲಿಯೋಣ, ಮನೆಯಿಂದ ಅಳತೆಯ ಸಾಮಾನು ತನ್ನಿ ಎಂದರು. ಮರುದಿನ ದ್ಯಾಮವ್ವ ನನ್ನನ್ನು ತಂದಳು. ತಾಡಪಾಲಿನ ಮೇಲೆ ಜೋಳ ಸುರಿದರು. ಯಾರು ಅಳೆಯುತ್ತೀರಿ ಎಂದಾಗ ಅವಳು ಕೈ ಎತ್ತಿದಳು. ಮೊದಲ ಸಲ.

ನಮ್ಮ ಕಡೆ ಅಳೆಯುವಾಗ ಒಂದು ಎನ್ನುವುದಿಲ್ಲ. ರಾಶಿ ಹೆಚ್ಚಲಿ ಎಂದು ಮೊದಲ ಸೇರಿಗೆ ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಅವಳೂ ಹಾಗೇ ಅಳೆದಳು. ಎಲ್ಲರಿಗೂ ಕೇಳುವಂತೆ, ನಡುಗದೆ, ಒಂಬತ್ತರವರೆಗೆ.

ಸರ್ ಮೊಬೈಲಿನಲ್ಲಿ ಅವಳ ಚಿತ್ರ ಹಿಡಿಯುತ್ತಿದ್ದರು. ಮುಗಿದ ಮೇಲೆ ಕೇಳಿದರು.

“ಒಂದು ಎಲ್ಲಿ ಹೋತು?”

“ಲಾಭ ಅಂದೆನ್ರಿ ಸರ್.”

“ಅದೇನು ಅಂಕಿ ಏನವಾ? ಒಂದು ಬಿಟ್ಟು ಎರಡರಿಂದ ಸುರು ಮಾಡೀದಿ. ಅಂದ್ರ ಎಂಟ ಆತು.”

“ಒಂಬತ್ತರಿ. ನಮ್ಮವ್ವ ಹಿಂಗ ಅಳೀತಾಳ್ರಿ.”

“ನಿಮ್ಮವ್ವ ಎಷ್ಟನೇ ಕ್ಲಾಸ ಕಲ್ತಾಳ?”

ಮಕ್ಕಳು ನಕ್ಕರು. ಅವರ ಮನೆಗಳಲ್ಲೂ ಲಾಭ ಎಂದೇ ಅಳೆಯುತ್ತಾರೆ. ಆದರೂ ನಕ್ಕರು.

ಜೋಳ ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ. ಸರ್ ಬಗ್ಗಿ ಇನ್ನೊಮ್ಮೆ ಅಳೆದಿದ್ದರೆ ಸಾಕಿತ್ತು. ಅವರು ಬಗ್ಗಲಿಲ್ಲ, ಪ್ಯಾಂಟು ಇಸ್ತ್ರಿಯದು. ಹಲಗೆಯ ಮೇಲೆ ‘8 ಸೇರು’ ಎಂದು ದೊಡ್ಡದಾಗಿ ಬರೆದು, ಅದರ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡರು. ಮೂರು ತಲೆಮಾರಿನ ಹೆಬ್ಬೆಟ್ಟಿನ ಜನ ನನ್ನನ್ನು ಹಿಡಿದಿದ್ದಾರೆ. ಅವರಲ್ಲಿ ಒಬ್ಬರೂ ತುಂಬಿದ ಸೇರನ್ನು ಹೀಗೆ ಕಣ್ಣೆದುರೇ ಕಳೆದವರಲ್ಲ.

ಊಟದ ಗಂಟೆಯಾಗಿ ಎಲ್ಲರೂ ಓಡಿದರು. ದ್ಯಾಮವ್ವ ಒಬ್ಬಳೇ ಕುಳಿತು ಮತ್ತೆ ಅಳೆದಳು, ಈ ಸಲ ಒಂದರಿಂದ, ಸರ್ ಹೇಳಿದಂತೆಯೇ. ಒಂಬತ್ತೇ ಬಂತು. ಹಲಗೆ ನೋಡಿದಳು. ಡಸ್ಟರು ಕೈಗೆಟುಕುವಂತಿತ್ತು. ಮುಟ್ಟಲಿಲ್ಲ. ಪಾಟೀಚೀಲದಿಂದ ನೋಟ್‌ಬುಕ್ಕು ತೆಗೆದು, ಎಂಟು ಎಂದು ಬರೆದುಕೊಂಡಳು.

ನನ್ನನ್ನು ಮನೆಗೆ ಕಳಿಸಲಿಲ್ಲ. ಕಲಿಕಾ ಸಾಮಗ್ರಿ ಎಂದು ಬಣ್ಣದಲ್ಲಿ ನಂಬರು ಹಾಕಿ ಗಾಜಿನ ಕಪಾಟಿನಲ್ಲಿಟ್ಟರು. ಒಳಗೆ ಸೀಮೆಸುಣ್ಣದ ಚೂರು ತುಂಬಿವೆ. ತಪಾಸಣೆಗೆ ಸಾಹೇಬರು ಬಂದಾಗ ಸರ್ ನನ್ನನ್ನು ತೋರಿಸಿ ಆ ಪಾಠದ ಕಥೆ ಹೇಳುತ್ತಾರೆ. ಸಾಹೇಬರು ತಲೆದೂಗುತ್ತಾರೆ, ಚಹಾ ಕುಡಿಯುತ್ತಾರೆ. ಕೊನೆಯ ಸಾಲಿನಲ್ಲಿ ದ್ಯಾಮವ್ವ ಇರುತ್ತಾಳೆ. ಕೇಳಿದರೆ ಈಗ ಉತ್ತರ ಕೊಡುತ್ತಾಳೆ, ಸರ್ ಮುಖ ನೋಡಿಕೊಂಡು.