ಒಂದು ಗಿಡಕ್ಕೆ ನಾಲ್ಕು ತಂಬಿಗೆ ನೀರು

ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ನಮ್ಮ ಯಜಮಾನರು ಬಸ್ ಡ್ರೈವರ್. ಮಂಡಿನೋವು ಬಂದ ಮೇಲೆ ಅತ್ತೆ ಮೆಟ್ಟಿಲು ಇಳಿದೇ ಇಲ್ಲ. ಅವರಿಗೆ ಹೊರಗಡೆ ಅಂತ ಇರುವುದು ಬಾಲ್ಕನಿಯೊಂದೇ. ಅಲ್ಲಿ ಆರು ಕುಂಡ: ಟೊಮೆಟೊ, ಮೆಣಸಿನಕಾಯಿ, ಪುದೀನ, ಸೇವಂತಿಗೆ, ಎರಡು ಗುಲಾಬಿ. ಬೆಳಗ್ಗೆ ಎದ್ದು ಅವರು ಮೊದಲು ಮಾತಾಡಿಸುವುದು ನಮ್ಮನ್ನಲ್ಲ, ಆ ಗಿಡಗಳನ್ನು. ನನಗೇನೂ ಹೊಟ್ಟೆಕಿಚ್ಚಿಲ್ಲ. ಇದ್ದರೂ ಸ್ವಲ್ಪವೇ.

ಆದರೆ ಗಿಡಗಳು ಮೇಲೇಳಲಿಲ್ಲ. ಎಲೆಗಳೆಲ್ಲ ಹಳದಿಯಾದವು. ಸಾಲದ್ದಕ್ಕೆ ಕೆಸರು ನೀರು ಕೆಳಗಿನ ಇಸ್ತ್ರಿ ಅಂಗಡಿಯ ಮೇಜಿಗೆ ತೊಟ್ಟಿಕ್ಕತೊಡಗಿತು. ಒಂದು ದಿನ ಇಸ್ತ್ರಿಯಣ್ಣ ಕಲೆಯಾದ ಬಿಳಿ ಶರ್ಟು ಹಿಡಿದು ಕೆಂಡಾಮಂಡಲವಾಗಿ ಬಂದೇಬಿಟ್ಟ.

"ನೋಡಕ್ಕ, ಇದನ್ನ ಮೂರು ಸಲ ಒಗೆದಿದ್ದೀನಿ. ಇನ್ನೊಂದು ಹನಿ ಬಿದ್ರೆ ಮನೆ ಮಾಲೀಕರ ಹತ್ರ ಹೋಗ್ತೀನಿ!"

ಯಜಮಾನರಿಗೆ ಅಷ್ಟೇ ಸಾಕಾಯಿತು. "ನಮ್ಮ ಕೈಗೆ ಗಿಡ ಹತ್ತಲ್ಲ ಅಂತ ನಾನು ಮೊದ್ಲೇ ಹೇಳ್ಲಿಲ್ವಾ? ಇವತ್ತೇ ಎಲ್ಲಾ ತೆಗೆದು ಬಿಸಾಕ್ತೀನಿ."

ಅತ್ತೆ ಟೊಮೆಟೊ ಕುಂಡದ ಅಂಚು ಹಿಡಿದುಕೊಂಡರು. "ಇದೂ ಹೋದ್ರೆ ನಾನಿನ್ನು ಗೋಡೆ ನೋಡ್ಕೊಂಡು ಕೂರ್ಬೇಕು ಕಣೋ," ಎಂದರು.

ಅದನ್ನು ಕೇಳಿ ಇಸ್ತ್ರಿಯಣ್ಣನ ಸಿಟ್ಟು ಇಳಿಯಿತು. ಅವನ ಅಪ್ಪ ನರ್ಸರಿಯಲ್ಲಿ ಗಿಡ ಬೆಳೆಸುವ ಕೆಲಸ ಮಾಡುತ್ತಿದ್ದವರಂತೆ. ಶರ್ಟನ್ನು ಹೆಗಲಿಗೆ ಹಾಕಿಕೊಂಡು ಮಣ್ಣಿಗೆ ಬೆರಳು ತೂರಿಸಿದ. "ಅಯ್ಯೋ ಅಮ್ಮ, ಇದೇನು ಕುಂಡಾನೋ ಕೆರೇನೋ? ಬೇರು ಕೊಳೀತಿದೆ. ನೀರು ಹಾಕೋದು ಯಾರು?"

"ನಾನೇ. ಬೆಳಗ್ಗೆ ಒಂದೊಂದು ತಂಬಿಗೆ," ಎಂದರು ಅತ್ತೆ.

"ನಿಮಗೆ ಬಗ್ಗೋಕಾಗಲ್ಲ ಅಂತ ಮಧ್ಯಾಹ್ನ ನಾನೂ ಹಾಕ್ತೀನಲ್ಲ ಅತ್ತೆ!" ಎಂದೆ.

"ಸ್ಕೂಲಿಂದ ಬಂದ ತಕ್ಷಣ ನಾನೂ," ಎಂದಳು ಮಗಳು.

ಎಲ್ಲರೂ ಯಜಮಾನರ ಮುಖ ನೋಡಿದೆವು. ಅವರು ಕೆಮ್ಮಿದರು. "ಡ್ಯೂಟಿಗೆ ಹೋಗೋ ಮುಂಚೆ... ಒಣಗಿದ್ರೆ ಅಮ್ಮ ಬೇಜಾರು ಮಾಡ್ಕೊಳ್ತಾಳೆ ಅಂತ, ಒಂದೇ ಒಂದು ತಂಬಿಗೆ."

"ಗಿಡ ಬಿಸಾಕ್ತೀನಿ ಅಂದ ಮಹಾನುಭಾವರು ಇವರೇ ನೋಡಿ!" ಎಂದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಸ್ತ್ರಿಯಣ್ಣ ಅತ್ತೆಯ ಪಕ್ಕದಲ್ಲೇ ಕುಳಿತ. "ಬೆರಳು ಎರಡು ಗೆಣ್ಣು ಒಳಗೆ ಹೋಗ್ಲಿ ಅಮ್ಮ. ಮಣ್ಣು ತೇವ ಇದ್ರೆ ನೀರು ಬೇಡ, ಒಣಗಿದ್ರೆ ಮಾತ್ರ ಹಾಕಿ. ಕುಂಡದ ತಳಕ್ಕೆ ತೂತು ಇರ್ಲಿ, ಅಡಿಗೊಂದು ತಟ್ಟೆ ಇಡಿ. ತಟ್ಟೇಲಿ ನಿಂತ ನೀರು ಚೆಲ್ಲಿಬಿಡಿ, ಇಲ್ದಿದ್ರೆ ಸೊಳ್ಳೆ ಆಗ್ತವೆ. ಮತ್ತೆ ನೋಡ್ಕೊಳ್ಳೋರು ಒಬ್ಬರೇ ಇರ್ಲಿ."

"ಬರೀ ಬೆರಳು ಹಾಕಿದ್ರೆ ಗಿಡ ಬದುಕುತ್ತಾ?" ಯಜಮಾನರಿಗೆ ಇನ್ನೂ ಅನುಮಾನ.

"ಒಂದು ತಿಂಗಳು ನೋಡಿ ಡ್ರೈವರಣ್ಣ. ಆಗ್ಲಿಲ್ಲ ಅಂದ್ರೆ ಕುಂಡ ಹೊರೋಕೆ ನಾನೇ ಬರ್ತೀನಿ."

ಗುಲಾಬಿಗಳು ಎರಡೂ ಸತ್ತವು, ಸುಳ್ಳು ಯಾಕೆ ಹೇಳಲಿ. ಉಳಿದವು ಚಿಗುರಿದವು. ಅತ್ತೆ ದಿನಾ ಬೆರಳು ಹಾಕಿ ನೋಡಿ, "ಇವತ್ತು ಮೆಣಸಿನಕಾಯಿಗೆ ಮಾತ್ರ," ಎಂದು ಅಪ್ಪಣೆ ಕೊಡುತ್ತಿದ್ದರು. ಪುದೀನ ಕೀಳುವಾಗ ಮನೆಯೆಲ್ಲ ಘಮಘಮ. ಮೊದಲ ಟೊಮೆಟೊವನ್ನು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಸ್ತ್ರಿ ಅಂಗಡಿಗೆ ಇಳಿಸಿದರು. ಯಜಮಾನರಂತೂ ಯಾರೂ ಹೇಳದೆಯೇ ಹೊಸ ಕುಂಡ ತಂದರು, ತೂತು ಇದೆಯಾ ಎಂದು ಎರಡು ಸಲ ನೋಡಿ.

ಈಗ ಸಂಜೆಯಾದರೆ ಬೀದಿಯವರು ತಲೆಯೆತ್ತಿ ಕೂಗುತ್ತಾರೆ: "ಅಮ್ಮಾ, ನಮ್ಮ ಗಿಡದ ಎಲೆ ಹಳದಿಯಾಗಿದೆ!"

"ಬೆರಳು ಹಾಕಿ ನೋಡಿದ್ಯಾ?" ಎಂದು ಅತ್ತೆ ಮೇಲಿಂದ ಗದರುತ್ತಾರೆ. ಅವರಿಗೀಗ ಊಟಕ್ಕೂ ಪುರುಸೊತ್ತಿಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಿಟಕಿ ಪಕ್ಕ ಕೂತೇ ದಿನ ಕಳೆಯುವವರು ನಿಮ್ಮ ಮನೆಯಲ್ಲೂ ಇರಬಹುದು. ಇವತ್ತೇ ಅವರ ಕೈಗೊಂದು ಕುಂಡ ಕೊಡಿ. ಅದು ಅವರದೇ ಆಗಿರಲಿ, ತೀರ್ಮಾನವೂ ಅವರದೇ. ನೀವು ಮಾತ್ರ ಪ್ರೀತಿ ಉಕ್ಕಿತು ಅಂತ ಕದ್ದು ನೀರು ಹಾಕಬೇಡಿ!