ಚಳಿಗಾಲಕ್ಕಾಗುವಷ್ಟು ಹಾಸು

ಸಟನ್‌ನ ಆ ಬೀದಿಯಲ್ಲಿ ಕೋಳಿ ಸಾಕಿದ್ದ ಮನೆ ಒಂದೇ, ಅದೂ ಮೊಟ್ಟೆ ಮುಟ್ಟದವರ ಮನೆ. ಪಕ್ಕದ ಮನೆಯ ಮುದುಕಿ ಕೇರ್ ಹೋಮಿಗೆ ಹೊರಟ ದಿನ ತನ್ನ ಮೂರು ಕೋಳಿಗಳ ಮುಂದೆ ನಿಂತು ಅತ್ತಳು. ಅದನ್ನು ನೋಡಲಾರದೆ ಚಂದ್ರಿಕಾ ನಾಲ್ಕು ದಿನದ ಮಟ್ಟಿಗೆ ಎಂದು ಹೇಳಿ ಅವನ್ನು ಗೂಡುಸಮೇತ ತನ್ನ ಹಿತ್ತಲಿಗೆ ತರಿಸಿಕೊಂಡಳು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಅವಳ ಗಂಡ ಡಾಕ್ಟರ್ ಉದಯಶಂಕರ ಮೊದಮೊದಲು ಹಾರಾಡಿದ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದ ನನ್ನ ಹಿತ್ತಲಲ್ಲಿ ಕೋಳಿಯೇ, ಊರಲ್ಲಿ ಕೇಳಿದವರು ಏನಂದುಕೊಂಡಾರು ಎಂದ. ಚಂದ್ರಿಕಾ ವಾದಕ್ಕೆ ಇಳಿಯಲಿಲ್ಲ. ಸದಾ ಸಿಡುಕುತ್ತಿದ್ದ ಕೆಂಪು ಕೋಳಿಗೆ ಅವನ ಸೋದರತ್ತೆಯ ಹೆಸರಿಟ್ಟು, "ನಂಜಮ್ಮತ್ತೇ, ಬನ್ನಿ ಊಟಕ್ಕೆ" ಎಂದು ಕರೆದಳು. ಅತ್ತೆಯನ್ನು ಬಲ್ಲವನಾದ್ದರಿಂದ ಉದಯಶಂಕರನಿಗೂ ನಗು ತಡೆಯಲಾಗಲಿಲ್ಲ, ಅಲ್ಲಿಗೆ ಅವನ ಬಾಯಿ ಮುಚ್ಚಿತು. ಮೊಟ್ಟೆಗಳೆಲ್ಲ ಬೀದಿಯವರಿಗೆ ಹಂಚಿಕೆಯಾದವು.

ಈ ವರ್ಷ ಚಂದ್ರಿಕಾಳ ಎದೆಯಲ್ಲಿ ಕಾಯಿಲೆ ಬಂದು ಕೂತಿತು. ಸಿಗರೇಟಿನ ಹೊಗೆ ಕಂಡರೆ ಸೆರಗು ಮೂಗಿಗೆ ಹಿಡಿಯುತ್ತಿದ್ದವಳಿಗೆ ಶ್ವಾಸಕೋಶದ ಕ್ಯಾನ್ಸರ್. ಇದಕ್ಕೆ ನ್ಯಾಯ ಎಲ್ಲಿ ಕೇಳುವುದು?

ಉದಯಶಂಕರ ರಿಟೈರ್ ಆಗುವವರೆಗೂ ರೇಡಿಯಾಲಜಿಸ್ಟ್ ಆಗಿದ್ದವನು. ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕೂತು ಜನರ ಒಳಗೆ ಏನಿದೆ ಎಂದು ನೋಡಿ, ಕಂಡದ್ದನ್ನು ಬರೆದು ಕಳಿಸುವುದು ಅವನ ಕೆಲಸ. ಅದನ್ನು ರೋಗಿಯ ಮುಖ ನೋಡಿ ಹೇಳುವ ಕರ್ಮ ಯಾವಾಗಲೂ ಬೇರೆಯವರದ್ದಾಗಿತ್ತು. ಹೆಂಡತಿಯ ಸ್ಕ್ಯಾನ್ ಪರದೆಯ ಮೇಲೆ ಮೂಡಿದಾಗ, ಆಸ್ಪತ್ರೆಯ ವೈದ್ಯೆ ಬಾಯಿ ತೆರೆಯುವ ಮೊದಲೇ ಅವನಿಗೆ ಎಲ್ಲ ತಿಳಿದುಹೋಯಿತು. ಚಂದ್ರಿಕಾ ಕೈ ಅಡ್ಡ ಹಿಡಿದು, ಎಷ್ಟು ದಿನ ಅನ್ನುವುದನ್ನು ನನಗೆ ಹೇಳಬೇಡಿ, ಇವರಿಗೆ ಹೇಳಿ ಎಂದು ಎದ್ದು ಹೊರಗೆ ಹೋಗಿ ಕೂತಳು. ಕ್ರಿಸ್‌ಮಸ್ ಕಂಡರೆ ಹೆಚ್ಚು ಎಂದಳು ವೈದ್ಯೆ.

ವಾಪಸು ಬರುವಾಗ ಕಾರಿನಲ್ಲಿ ಚಂದ್ರಿಕಾ ಅವನಿಂದ ಮಾತು ತಗೊಂಡಳು. "ನಿಮ್ಮ ಮುಖದಲ್ಲೂ ಕಾಣಬಾರದು ರೀ. ದಿನಾ ಹೇಗಿರ್ತೀವೋ ಹಾಗೇ ಇರೋಣ. ನಂಗೆ ಅಷ್ಟು ಮಾಡಿಕೊಡಿ, ಸಾಕು."

ಅವನು ಮಾಡಿಕೊಟ್ಟ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದ, ಮುಖ ತೊಳೆದು ಬಂದು ಕಾಫಿ ಬೆರೆಸುತ್ತಿದ್ದ, ಪೇಪರಿನ ಸುದ್ದಿ ಓದಿ ಮಂತ್ರಿಗಳನ್ನು ಬೈಯುತ್ತಿದ್ದ. ಲೀಡ್ಸ್‌ನಿಂದ ಮಗಳು ಚಿನ್ಮಯಿ ಫೋನ್ ಮಾಡಿ ಕೇಳಿದರೂ, ಟ್ರೀಟ್‌ಮೆಂಟ್ ನಡೀತಿದೆ ಎನ್ನುವುದರಾಚೆ ಒಂದು ಮಾತು ಹೊರಬೀಳಲಿಲ್ಲ. ಇಷ್ಟು ಚೆನ್ನಾಗಿ ನಟಿಸಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ.

ದೀಪಾವಳಿಯ ಪಟಾಕಿ, ಅದರ ಹಿಂದೆಯೇ ನವೆಂಬರಿನಲ್ಲಿ ಇಲ್ಲಿಯ ಇಂಗ್ಲಿಷರು ಹಾರಿಸುವ ಪಟಾಕಿ ಎಲ್ಲ ಮುಗಿದು, ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಕೂತ ಒಂದು ಶನಿವಾರ ಚಂದ್ರಿಕಾ ಕಿಟಕಿಯ ಪಕ್ಕದ ಸೋಫಾದಲ್ಲಿ ಒರಗಿಕೊಂಡೇ ಹೇಳಿದಳು: "ರೀ, ಗೂಡಿಗೆ ಚಳಿಗಾಲದ ಹಾಸು ಹಾಕಬೇಕಲ್ಲ."

"ಹೋದ ವರ್ಷ ತಂದಿದ್ದೆನಲ್ಲ, ಗೋಧಿಹುಲ್ಲು. ಅದನ್ನೇ ತರ್ತೀನಿ."

"ಬೇಡಪ್ಪಾ. ಆ ಹುಲ್ಲಿನ ಕೊಳವೆ ಒಳಗೆಲ್ಲ ಹೇನು ಸೇರ್ಕೊಂಡು ನಂಜಮ್ಮತ್ತೆ ಪುಕ್ಕ ಎಲ್ಲ ಕಿತ್ಕೊಂಡಿದ್ರು."

"ಮತ್ತೆ ಮರದ ಹೊಟ್ಟು?"

"ಧೂಳು. ಅವಕ್ಕೂ ಕೆಮ್ಮು, ನಂಗೂ ಕೆಮ್ಮು." ನಕ್ಕಳು. ನಗುವಿನ ಹಿಂದೆಯೇ ಕೆಮ್ಮು ಬಂತು. ಅದು ನಿಲ್ಲುವವರೆಗೆ ಅವನು ಕಿಟಕಿಯಾಚೆ ನೋಡುತ್ತ ನಿಂತ. "ಹೆಂಪ್ ಅಂತ ಬರುತ್ತೆ, ಗಿಡದ ಕಾಂಡ ಸಣ್ಣಗೆ ಕತ್ತರಿಸಿರ್ತಾರೆ. ಧೂಳಿಲ್ಲ, ತೇವ ಚೆನ್ನಾಗಿ ಹೀರ್ಕೊಳ್ಳುತ್ತೆ. ಅದರದ್ದು ದೊಡ್ಡ ಮೂಟೆ ತನ್ನಿ."

ಬ್ಯಾನ್‌ಸ್ಟೆಡ್ ಕಡೆಯ ಕುದುರೆ ಮೇವಿನ ಅಂಗಡಿಯಲ್ಲಿ ಹುಲ್ಲು, ಹಿಂಡಿ, ಒದ್ದೆ ನಾಯಿಯ ವಾಸನೆ ಒಟ್ಟಿಗೆ ಬರುತ್ತಿತ್ತು. ಉಣ್ಣೆಯ ಟೋಪಿ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಎಷ್ಟು ಕೋಳಿ ಎಂದು ಕೇಳಿದಳು. ಮೂರು ಎಂದ.

"ಹಾಗಾದರೆ ದೊಡ್ಡದು ತಗೊಳ್ಳಿ. ಆರಾಮಾಗಿ ವಸಂತದವರೆಗೆ ಬರುತ್ತೆ."

ದೊಡ್ಡ ಮೂಟೆಯ ಮೇಲೆ ಅವನು ಆಗಲೇ ಕೈಯಿಟ್ಟಿದ್ದ. ವಸಂತ ಎಂದೊಡನೆ ಕೈ ಹಿಂದಕ್ಕೆ ಬಂತು. ವಸಂತದಲ್ಲಿ ಆ ಹಿತ್ತಲು ಹೇಗಿರುತ್ತದೆಂದು ಅವನು ಯೋಚಿಸಿರಲಿಲ್ಲ, ಯೋಚಿಸುವ ಧೈರ್ಯವೂ ಇರಲಿಲ್ಲ. ಚಂದ್ರಿಕಾ ಇಲ್ಲವಾದ ಮೇಲೆ ಕೋಳಿಗಳನ್ನು ತಾನು ಸಾಕಿಕೊಳ್ಳುತ್ತೇನೆಂದು ಪಕ್ಕದೂರು ಕಾರ್ಷಲ್ಟನ್‌ನ ಒಬ್ಬಾಕೆ ಒಪ್ಪಿದ್ದಳು, ಆ ಏರ್ಪಾಟನ್ನು ಅವನು ಗುಟ್ಟಾಗಿ ಮಾಡಿ ಮುಗಿಸಿದ್ದ.

"ಸಣ್ಣ ಚೀಲ ಸಾಕು" ಎಂದ. "ಕ್ರಿಸ್‌ಮಸ್‌ವರೆಗೆ ಬಂದರೆ ಸಾಕು."

ಯಾರಿಗೂ ಹೇಳದೆ ನುಂಗಿಕೊಂಡಿದ್ದ ಮಾತು ಯಾರೋ ಗುರುತಿಲ್ಲದ ಹುಡುಗಿಯ ಮುಂದೆ ಬಾಯಿಂದ ಜಾರಿತ್ತು. ಅವಳಿಗದು ಏನೂ ಅನ್ನಿಸಲಿಲ್ಲ, ಚೀಲವನ್ನು ಕಾರಿನವರೆಗೆ ತಂದು ಕೊಟ್ಟಳು.

ಮನೆಗೆ ಬಂದಾಗ ಚಂದ್ರಿಕಾ ದಪ್ಪ ಕೋಟು ಹಾಕಿ, ತಲೆಗೆ ಶಾಲು ಸುತ್ತಿಕೊಂಡು ತಯಾರಾಗಿದ್ದಳು. ಚೀಲ ನೋಡಿದಳು.

"ದೊಡ್ಡದು ಖಾಲಿಯಾಗಿತ್ತು" ಎಂದ ಉದಯಶಂಕರ, ಕೇಳುವ ಮೊದಲೇ.

"ಹೌದಾ" ಎಂದಳು. "ನಡೀರಿ, ಬಿಸಿಲಿರೋವಾಗಲೇ ಹಾಕಿಬಿಡೋಣ."

ಹಿತ್ತಲಲ್ಲಿ ಅವಳಿಗೆ ಕುರ್ಚಿ ಹಾಕಿಕೊಟ್ಟ. ಕೋಳಿಗಳು ಅವಳ ಕಾಲ ಸುತ್ತ ನೆರೆದವು. ಅವನು ಮಂಡಿಯೂರಿ, ತಲೆ ಭುಜವೆಲ್ಲ ಗೂಡಿನೊಳಗೆ ತೂರಿಸಿ ಹಳೆಯ ಹುಲ್ಲನ್ನು ಕೆರೆದು ತೆಗೆದ, ಹೊಸ ಹಾಸನ್ನು ಸುರಿದ. ಮೂಲೆಗೆ ಹೆಚ್ಚು ಹಾಕಿ, ಅಲ್ಲಿ ಗಾಳಿ ನುಗ್ಗುತ್ತೆ ಎಂದು ಅವಳು ಹಿಂದಿನಿಂದ ಹೇಳುತ್ತಿದ್ದಳು. ಅವನು ಮೂಲೆಗೆ ಹಾಕಿದ.

"ನೀವು ಹೋದ ಮೇಲೆ ಅಂಗಡಿಗೆ ಫೋನ್ ಮಾಡಿದ್ದೆ" ಎಂದಳು. "ಧೂಳು ತೆಗೆದಿರೋದೇ ಕೊಡಿ ಅಂತ ಹೇಳೋಣ ಅಂತ. ಅಷ್ಟರಲ್ಲಿ ನೀವು ಹೊರಟುಬಿಟ್ಟಿದ್ರಂತೆ. ಸಣ್ಣ ಚೀಲ ತಗೊಂಡ್ರು, ಕ್ರಿಸ್‌ಮಸ್‌ವರೆಗೆ ಸಾಕಂತೆ ಅಂದಳು ಆ ಹುಡುಗಿ."

ಗೂಡಿನೊಳಗೆ ಅವನ ಕೈ ನಿಂತಿತು. ತಲೆ ಹೊರಗೆ ತೆಗೆಯುವುದಕ್ಕೆ ಅವನಿಗೆ ಆಗಲಿಲ್ಲ. ಕೊಟ್ಟ ಒಂದೇ ಒಂದು ಮಾತು, ಅದನ್ನೂ ಕಳೆದುಕೊಂಡೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

"ಹೊರಗೆ ಬನ್ನಿ ರೀ. ನಾನೇನೂ ಬೈಯಲ್ಲ."

ಬಂದ. ಕೂದಲಲ್ಲಿ ಹಾಸಿನ ಚೂರು, ಕಣ್ಣಲ್ಲಿ ನೀರು. ಈ ಸಲ ಅದನ್ನು ಮುಚ್ಚಿಟ್ಟುಕೊಳ್ಳಲು ನಲ್ಲಿಯ ಸದ್ದು ಇರಲಿಲ್ಲ.

"ಕೋಳಿಗಳಿಗೆ ಎಲ್ಲಾದ್ರೂ ಏರ್ಪಾಟು ಮಾಡಿದೀರಾ?"

ತಲೆಯಾಡಿಸಿದ. ಅವಳು ನಂಜಮ್ಮತ್ತೆಯ ಬೆನ್ನು ಸವರುತ್ತ, "ಒಳ್ಳೇದಾಯ್ತು, ನಿಮ್ಮ ಕೈಲಿ ಆಗಲ್ಲ" ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ.

"ನಿಮ್ಮ ಮುಖ ನೋಡಿ ನೋಡಿ ನಾನೇ ಒಂದು ಅಂದಾಜು ಮಾಡಿಕೊಂಡಿದ್ದೆ" ಎಂದಳು ಆಮೇಲೆ. "ಇಷ್ಟು ನೆಮ್ಮದಿಯಾಗಿ ಕಾಫಿ ಬೆರೆಸ್ತಾರೆ, ಪೇಪರ್ ಓದಿ ಕೂಗಾಡ್ತಾರೆ ಅಂದ್ರೆ ಇನ್ನೂ ಟೈಮ್ ಇದೆ ಅಂತ. ಯುಗಾದಿವರೆಗೆ ಅಂತ ಅಂದ್ಕೊಂಡಿದ್ದೆ ರೀ. ಚಿನ್ಮಯಿಗೂ ಹಾಗೇ ಹೇಳಿಬಿಟ್ಟೆ. ಈಗ ಬೇಡ, ರಜೆ ಎಲ್ಲ ಯುಗಾದಿಗೆ ಇಟ್ಕೋ, ಒಂದು ತಿಂಗಳು ನನ್ನ ಜೊತೆ ಇರು ಅಂತ."

ಬರುತ್ತೇನೆಂದ ಮಗಳನ್ನು ಉದಯಶಂಕರನ ಮುಖವೇ ತಡೆದು ನಿಲ್ಲಿಸಿತ್ತು.

"ಫೋನ್ ಮಾಡಿ" ಎಂದಳು ಚಂದ್ರಿಕಾ. "ಈಗಲೇ ಬಾ ಅನ್ನಿ. ಯಾಕೆ ಅಂತ ಕೇಳ್ತಾಳೆ, ನೀವೇ ಹೇಳಬೇಕು. ನನ್ನ ಕೈಲಿ ಆಗಲ್ಲ."

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ಫೋನ್ ತೆಗೆದ. ಎರಡನೇ ರಿಂಗಿಗೇ ಎತ್ತಿಕೊಂಡಳು.

"ಅಪ್ಪಾ? ಈಸ್ ಎವ್ರಿಥಿಂಗ್ ಓಕೆ?"

ಚಂದ್ರಿಕಾ ಅವನ ಮುಖವನ್ನೇ ನೋಡುತ್ತಿದ್ದಳು. ಈ ಬಾರಿ ಅವನು ಮುಖ ತಿರುಗಿಸಲಿಲ್ಲ.

"ಇಲ್ಲ ಪುಟ್ಟಿ" ಎಂದ. "ನಿಮ್ಮಮ್ಮನಿಗೆ ಇನ್ನು ಹೆಚ್ಚು ದಿನ ಇಲ್ಲ."