ನಿಂಬೆ ಸವರಿದ ಹೋಳು

ನಿಂಬೆಯ ವಾಸನೆ, ಇಲ್ಲೂ, ಆಸ್ಪತ್ರೆಯ ಫಿನಾಯಿಲನ್ನೂ ಮೀರಿಸಿಕೊಂಡು, ಅಮ್ಮ ಮತ್ತೆ ಡಬ್ಬಿ ತೆಗೆದಿದ್ದಾಳೆ, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುತ್ತಿದೆ, ಕಿಡ್ನಿ ಎಷ್ಟು ಉಳಿದಿದೆಯೋ ರಕ್ತಪರೀಕ್ಷೆ ಬರಲಿ, ಹೊರಗೆ ಕೂತಿರಿ ಎಂದು ಡಾಕ್ಟರು ಈಗಷ್ಟೇ ಹೇಳಿದ್ದಾರೆ, ಇವಳಿಗೆ ಸೇಬಿನ ಚಿಂತೆ — ಒಂದು ಹೋಳು ತಗೋ, ಬೆಳಿಗ್ಗೆ ಹೆಚ್ಚಿದ್ದು, ನೋಡು ಹೇಗೆ ಬೆಳ್ಳಗಿದೆ. ಬೆಳ್ಳಗಿರದೆ ಏನು, ನಿಂಬೆರಸ ಸವರಿದರೆ ಇರುತ್ತದೆ, ತೋರಿಸಿಕೊಟ್ಟವಳು ನಾನೇ, ದಿನವಿಡೀ ಲ್ಯಾಬಿನಲ್ಲಿ ಏನ್ ಮಾಡ್ತೀಯೇ ಎಂದು ಕೇಳಿದಳಲ್ಲ, ಏನೋ ಕೆಲಸ ಎಂದಿದ್ದರೆ ಮುಗಿಯುತ್ತಿತ್ತು, ಸೇಬು ಹೆಚ್ಚಿ ಕೂತೆ, ಗಾಳಿ ತಾಗಿ ಹೋಳು ಕಂದುತ್ತೆ ನೋಡು, ನಿಂಬೆ ಸವರಿದ್ದು ಕಂದಲ್ಲ, ಸಕ್ಕರೆ ಕಾಯಿಲೆ ಹಳತಾದರೆ ಮೈಯೊಳಗಿನ ಪ್ರೋಟೀನಿಗೂ ಹೆಚ್ಚುಕಡಿಮೆ ಇದೇ ಗತಿ, ಆಮ್ಲಜನಕವೇ ಕೆಡಿಸುತ್ತೆ, ತಡೆಯೋ ದಾರಿ ಹುಡುಕ್ತಿದೀವಿ. ಹುಡುಕ್ತಿದೀವಿ ಅಂದೆ ಕಣಮ್ಮ, ಸಿಕ್ಕಿದೆ ಅಂದೆನಾ? ಗಾಜಿನ ಕೊಳವೆಯಲ್ಲಿ ಕಾಪಾಡಿದ್ದು ಮೈಯಲ್ಲೂ ಕಾಪಾಡುತ್ತದೆ ಎಂದು ಎಲ್ಲಿ ಬರೆದಿದೆ, ಅಷ್ಟು ಹೇಳುವುದರೊಳಗೆ ಇವಳು ನಿಂಬೆಹಣ್ಣು ಹಿಂಡಲು ಎದ್ದಾಗಿತ್ತು.

ಆಮೇಲೆ ಲೋಟಗಟ್ಟಲೆ ನಿಂಬೆನೀರು, ಅಂಗಡಿಯಿಂದ ವಿಟಮಿನ್ ಸಿ ಗುಳಿಗೆ, ಕುಡಿದರೆ ಕುಡಿಯಲಿ ಎಂದುಕೊಂಡೆ, ಆದರೆ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ, ಎಲ್ಲ ನಿಲ್ಲಿಸಿಬಿಟ್ಟಿದ್ದಾಳೆ, ಅದನ್ನು ಡಾಕ್ಟರ ಮುಂದೆ ಹೇಳಿದ್ದಾದರೂ ಎಷ್ಟು ಹೆಮ್ಮೆಯಿಂದ — ನನ್ನ ಮಗಳು ಇದ್ರಲ್ಲೇ ಓದಿರೋದು ಡಾಕ್ಟ್ರೇ, ಅವಳೇ ಹೇಳಿದ್ಲು. ಡಾಕ್ಟರು ನನ್ನತ್ತ ನೋಡಿದ ನೋಟಕ್ಕೆ ನೆಲ ಬಾಯಿ ಬಿಡಬಾರದಿತ್ತೇ, ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ, ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನಾದರೂ ಕೇಳಿದ್ದಾಳಾ, ಉಪ್ಪು ಕಡಿಮೆ ಮಾಡು ಅಂದರೆ ನೀನು ಸುಮ್ನಿರು, ಸ್ವಲ್ಪ ನಡಿ ಅಂದರೆ ಮಂಡಿನೋವು, ಕೇಳಿದ್ದು ಇದೊಂದನ್ನೇ.

ಇವಳ ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿದೆ, ಮುಖವೂ ಊದಿದೆ, ಭಯವಾಗುತ್ತಿದೆ ನನಗೆ, ಭಯಕ್ಕೇ ಸಿಟ್ಟು ಬರುತ್ತಿದೆ, ಇವತ್ತಿಂದ ಮಾತ್ರೆ ನಾನೇ ಕೊಡೋದು, ನನ್ನ ಕಣ್ಣೆದುರೇ ನುಂಗಬೇಕು ಎಂದೆ, ದನಿ ಏರಿತೇನೋ, ಎದುರಿನ ಬೆಂಚಿನವರು ತಿರುಗಿದರು. ಬೈಬೇಡ್ವೇ, ನನ್ನ ಮೇಲೆ ಫಲಿಸಿದ್ರೆ ನಿಂಗೊಂದು ಹೆಸರು ಬರುತ್ತಲ್ಲ ಅಂತ ಮಾಡ್ದೆ. ಹೆಸರಂತೆ, ಅಯ್ಯೋ ಇವಳ, ಬಾಗಿಲು ತೆರೆಯಿತು, ನರ್ಸಿನ ಕೈಯಲ್ಲಿ ಫಲಿತಾಂಶ, ಅಮ್ಮನನ್ನೇ ಕರೆಯುತ್ತಿದ್ದಾಳೆ, ಏಳಬೇಕು, ಅಮ್ಮ ಏಳುವುದಿಲ್ಲ, ಊದಿದ ಬೆರಳಲ್ಲಿ ಹೋಳು ಹಿಡಿದು ನನ್ನ ಬಾಯಿಯವರೆಗೆ ತಂದಿದ್ದಾಳೆ, ತಿನ್ನೇ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು — ಹೋಳು, ಬೆಳ್ಳಗೆ, ಒಂದು ಕಲೆಯೂ ಇಲ್ಲದೆ, ಬೆಳ್ಳಗೆ